ತೆಂಗಿನಕಾಯಿ ದುಬಾರಿ, ಹಣದುಬ್ಬರ ಮಾತ್ರ ಕಾಲು ಪರ್ಸೆಂಟ್: ಇದು ಯಾರ ಮನೆಯ ಲೆಕ್ಕ?

2025ರ ನವೆಂಬರ್ 12ರಂದು ಕೇಂದ್ರ ಸರ್ಕಾರ ಅಕ್ಟೋಬರ್ ತಿಂಗಳ ಹಣದುಬ್ಬರದ, ಅಂದರೆ ಹಿಂದಿನ ಅಕ್ಟೋಬರಿಗಿಂತ ಬೆಲೆ ಎಷ್ಟು ಏರಿತು ಅನ್ನುವುದರ, ಲೆಕ್ಕ ಹೊರಗೆ ಬಿಟ್ಟಿತು. ಶೇ. 0.25. 2012ನ್ನು ಆಧಾರ ವರ್ಷ ಮಾಡಿಕೊಂಡ, ಅಂದರೆ ಆ ವರ್ಷದ ಬೆಲೆಯನ್ನು ನೂರು ಅಂತ ಇಟ್ಟುಕೊಂಡ, ಸರಣಿಯಲ್ಲಿ ಅಷ್ಟು ಕಡಿಮೆ ಅಂಕಿ ಹಿಂದೆ ಬಂದೇ ಇರಲಿಲ್ಲ. ಆಹಾರ ಪದಾರ್ಥಗಳದ್ದಂತೂ ಸೊನ್ನೆಗಿಂತ ಕೆಳಗೆ, ಮೈನಸ್ 5.02. ಮುಂಬಯಿಯ ಮಾಟುಂಗದ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ, ರೇಟು ಕೇಳಿ ಮತ್ತೆ ಕೆಳಗಿಡುತ್ತಿದ್ದವರು ಆ ಸುದ್ದಿ ಓದಿ ನಕ್ಕಿದ್ದರೆ ಆಶ್ಚರ್ಯವೇನಿಲ್ಲ. ಆ ವರ್ಷ ತೆಂಗಿನಕಾಯಿ, ಕೊಬ್ಬರಿ ಎಣ್ಣೆ ಎರಡೂ ಗಗನಕ್ಕೇರಿದ್ದವು. ಮೇ ತಿಂಗಳಲ್ಲಿ ಬೆಸ್ಟ್ ಬಸ್ಸಿನ ಕನಿಷ್ಠ ಟಿಕೆಟ್ 5 ರೂಪಾಯಿಯಿಂದ 10 ರೂಪಾಯಿ ಆಗಿತ್ತು. ಅದಕ್ಕೂ ಮೊದಲು, ಫೆಬ್ರವರಿಯಲ್ಲಿ, ರಿಕ್ಷಾ ಮೀಟರು 23ರಿಂದ 26ಕ್ಕೆ ಹೋಗಿತ್ತು. ಹೀಗಿರುವಾಗ ಬೆಲೆ ಏರಿದ್ದು ನೂರಕ್ಕೆ ಕಾಲು ರೂಪಾಯಿ ಮಾತ್ರ ಅಂದರೆ ಯಾರು ನಂಬುತ್ತಾರೆ?

ಇಂಥ ಹೊತ್ತಲ್ಲಿ ಬಾಯಿಗೆ ಬರುವ ಮೊದಲ ಮಾತು, 'ಸರ್ಕಾರದ ಲೆಕ್ಕ ಸುಳ್ಳು' ಅಂತ. ನನಗೆ ಹಾಗನ್ನಿಸುವುದಿಲ್ಲ. ಆ ಅಂಕಿ ಸುಳ್ಳಲ್ಲ. ಆದರೆ ಅದು ನಿಮ್ಮ ಮನೆಯ ಲೆಕ್ಕವೂ ಅಲ್ಲ, ನನ್ನದೂ ಅಲ್ಲ. ನಿಜ ಹೇಳಬೇಕೆಂದರೆ ಯಾರ ಮನೆಯದೂ ಅಲ್ಲ. ಹಾಗಿದ್ದರೂ ಅದಕ್ಕೊಂದು ಉಪಯೋಗ ಇದೆ, ದೊಡ್ಡ ಉಪಯೋಗವೇ ಇದೆ. ಅದು ಹೇಗೆ ಅಂತ ನೋಡಬೇಕಾದರೆ ಲೆಕ್ಕ ಮಾಡುವವರ ಹಿಂದೆಯೇ ಸ್ವಲ್ಪ ದೂರ ಹೋಗಬೇಕು.

ಒಂದೇ ಬಿಲ್ಡಿಂಗು, ಎರಡು ಮನೆ

ಡೊಂಬಿವ್ಲಿಯ ಒಂದು ಬಿಲ್ಡಿಂಗಿನಲ್ಲಿ ಎರಡು ಕನ್ನಡ ಮನೆಗಳಿವೆ ಅಂದುಕೊಳ್ಳಿ. ಮೂರನೇ ಮಹಡಿಯದು ಬಾಡಿಗೆ ಮನೆ. ಗಂಡ ಹೆಂಡತಿ, ಶಾಲೆಗೆ ಹೋಗುವ ಮಗು. ತಿಂಗಳಿಗೆ 20,000 ಖರ್ಚು: ಬಾಡಿಗೆ 8,000, ಕಿರಾಣಿ ತರಕಾರಿ 7,000, ಓಡಾಟ 2,000, ಫೀಸು ಔಷಧಿ ಇತ್ಯಾದಿ 3,000. ಕೆಳಗಿನ ಮಹಡಿಯದು ಸ್ವಂತ ಮನೆ, ತುಂಬಿದ ಕುಟುಂಬ. ಅವರದೂ 20,000 ಖರ್ಚು. ಆದರೆ ಬಾಡಿಗೆ ಇಲ್ಲ. ತಿನ್ನುವುದಕ್ಕೇ 14,000, ಓಡಾಟಕ್ಕೆ 2,000, ಉಳಿದದ್ದಕ್ಕೆ 4,000.

ಒಂದು ವರ್ಷದಲ್ಲಿ ಬಾಡಿಗೆ ಶೇ. 5 ಏರಿತು. ಕಿರಾಣಿ ತರಕಾರಿ ಶೇ. 5 ಇಳಿಯಿತು. ಓಡಾಟ ಶೇ. 20, ಫೀಸು ಔಷಧಿ ಶೇ. 10 ಏರಿದವು. ಇಬ್ಬರಿಗೂ ಇದೇ ಬೆಲೆ, ಇದೇ ಅಂಗಡಿ, ಇದೇ ಸ್ಟೇಷನ್.

ಮೂರನೇ ಮಹಡಿಯವರು ಮೊದಲಿನಷ್ಟೇ ಸಾಮಾನು ತಂದು, ಮೊದಲಿನಂತೆಯೇ ಇರಬೇಕೆಂದರೆ ಈಗ 8,400 ಮತ್ತು 6,650 ಮತ್ತು 2,400 ಮತ್ತು 3,300, ಒಟ್ಟು 20,750 ಬೇಕು. ಅಂದರೆ ಏರಿಕೆ ಶೇ. 3.75. ಕೆಳಗಿನವರಿಗೆ 13,300 ಮತ್ತು 2,400 ಮತ್ತು 4,400, ಒಟ್ಟು 20,100. ಏರಿಕೆ ಬರೀ ಶೇ. 0.5.

ಬೆಲೆಗಳು ಒಂದೇ, ಹಣದುಬ್ಬರ ಬೇರೆ ಬೇರೆ. ವ್ಯತ್ಯಾಸ ಇರುವುದು ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಅನ್ನುವುದರಲ್ಲಿ. ಈ ಪಾಲನ್ನು ಅಂಕಿಅಂಶದವರು 'ತೂಕ' ಅನ್ನುತ್ತಾರೆ. ಎರಡೂ ಮನೆ ಕೂಡಿಸಿ ಲೆಕ್ಕ ಹಾಕಿದರೆ 40,000 ಹೋಗಿ 40,850 ಆಗುತ್ತದೆ, ಶೇ. 2.1ರಷ್ಟು. ಪತ್ರಿಕೆಯಲ್ಲಿ ಬರುವುದು ಈ 2.1. ಅದನ್ನು ನೋಡಿ ಮೇಲಿನವರು 'ಇಷ್ಟೇನಾ?' ಅನ್ನುತ್ತಾರೆ. ಕೆಳಗಿನವರು ಸುಮ್ಮನಿರುತ್ತಾರೆ. ಬೆಲೆ ಇಳಿದಾಗ ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೇಳುವವರು ಕಡಿಮೆ. ಕೆಳಗಿನ ಮನೆಯವರು ಬಡವರು, ಅವರ ಖರ್ಚು 20,000 ಅಲ್ಲ, ಅದರ ಅರ್ಧ ಅಂತ ಇಟ್ಟುಕೊಳ್ಳಿ. ಪಾಲುಗಳು ಹಾಗೆಯೇ ಇರಲಿ. ಆಗ ಒಟ್ಟು 30,000ಕ್ಕೆ 800 ಏರಿದಂತಾಯಿತು, ಅಂದರೆ ಶೇ. 2.67. ಜಾಸ್ತಿ ಖರ್ಚು ಮಾಡುವವರ ಕಡೆಗೆ ಸರಾಸರಿ ವಾಲಿತು. ನಮ್ಮ ದೇಶದ ಸೂಚ್ಯಂಕವೂ, ಅಂದರೆ ಬೆಲೆಗಳ ಮಟ್ಟ ತೋರಿಸುವ ಅಂಕಿಯೂ, ಹೀಗೆಯೇ. ಇಲ್ಲಿ ತಲೆಗೊಂದು ಓಟಿಲ್ಲ, ರೂಪಾಯಿಗೊಂದು ಓಟು. ಹಾಗಾಗಿ 'ಸರಾಸರಿ ಭಾರತೀಯ' ಅಂತ ನಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಮನುಷ್ಯನಿಗಿಂತ ಈ ಲೆಕ್ಕದ ಬುಟ್ಟಿಯ, ಅಂದರೆ ಕೊಳ್ಳುವ ಸಾಮಾನಿನ ಪಟ್ಟಿಯ, ಯಜಮಾನ ಸ್ವಲ್ಪ ಅನುಕೂಲಸ್ಥ.

ದೇಶದ ಬುಟ್ಟಿಯಲ್ಲಿ ಏನೇನಿದೆ

ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ, ಸಿದ್ಧಪಡಿಸುವುದು ರಾಷ್ಟ್ರೀಯ ಅಂಕಿಅಂಶ ಕಚೇರಿ. ತೂಕಗಳನ್ನು ಅವರು ಊಹೆಯಿಂದ ಹಾಕುವುದಿಲ್ಲ. ದೇಶದುದ್ದಕ್ಕೂ ಮನೆಮನೆಗೆ ಹೋಗಿ, ಏನೇನು ಕೊಂಡಿರಿ, ಎಷ್ಟು ಕೊಟ್ಟಿರಿ ಅಂತ ಕೇಳುವ ದೊಡ್ಡ ಸಮೀಕ್ಷೆ ನಡೆಯುತ್ತದೆ. ತೂಕ ಬರುವುದು ಅಲ್ಲಿಂದ.

2012ರ ಸರಣಿಯಲ್ಲಿ ಬಳಸಿದ್ದು 2011-12ರ ಸಮೀಕ್ಷೆ. ಅದರ ಪ್ರಕಾರ ನೂರರಲ್ಲಿ 45.86 ಭಾಗ ಆಹಾರ ಮತ್ತು ಪಾನೀಯಕ್ಕೆ. ಮನೆ ಬಾಡಿಗೆಗೆ 10.07. ಇಂಧನ ಮತ್ತು ದೀಪಕ್ಕೆ 6.84. ಬಟ್ಟೆ ಚಪ್ಪಲಿಗೆ 6.53. ಎಲೆಯಡಿಕೆ, ತಂಬಾಕು, ಮದ್ಯಕ್ಕೆ 2.38. ಉಳಿದ 28.32 'ಇತರೆ'. ಹೆಸರು ಇತರೆ, ಆದರೆ ಶಾಲೆ, ಆಸ್ಪತ್ರೆ, ಬಸ್ಸು, ಮೊಬೈಲು, ಚಿನ್ನ ಎಲ್ಲ ಇರುವುದು ಅದರೊಳಗೆ.

ಇದು ಹಳ್ಳಿ ಪಟ್ಟಣ ಕೂಡಿಸಿದ ಲೆಕ್ಕ. ಬೇರೆ ಮಾಡಿ ನೋಡಿದರೆ ಚಿತ್ರವೇ ಬೇರೆ. ಹಳ್ಳಿಯಲ್ಲಿ ಆಹಾರದ ತೂಕ 54.18, ಪಟ್ಟಣದಲ್ಲಿ 36.29. ಪಟ್ಟಣದಲ್ಲಿ ಮನೆಯ ತೂಕ 21.67, ಹಳ್ಳಿಯಲ್ಲಿ ಸೊನ್ನೆ. ಹಳ್ಳಿಯಲ್ಲಿ ಬಾಡಿಗೆ ಮನೆಗಳೇ ಕಡಿಮೆ ಅಂತ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಾಗಾಗಿ ತರಕಾರಿ ಕುಸಿದ ತಿಂಗಳಲ್ಲಿ ಊರಿನ ಹಣದುಬ್ಬರ ಮುಂಬಯಿಯದಕ್ಕಿಂತ ಬೇಗ ಇಳಿಯುತ್ತದೆ. ಏರಿದಾಗಲೂ ಹಾಗೆಯೇ.

ಈಗ ತೆಂಗಿನಕಾಯಿಗೆ ಬರೋಣ. ಕರಾವಳಿಯಿಂದ ಬಂದು ಇಲ್ಲಿ ನೆಲೆನಿಂತ ಮನೆಗಳಲ್ಲಿ ದಿನಕ್ಕೊಂದು ಕಾಯಿ ಒಡೆಯದೆ ಅಡುಗೆ ಮುಗಿಯುವುದಿಲ್ಲ. ಉತ್ತರ ಭಾರತದ ಕೋಟ್ಯಂತರ ಮನೆಗಳಲ್ಲಿ ತೆಂಗಿನಕಾಯಿ ಅಂದರೆ ಪೂಜೆಗೆ ತರುವ ವಸ್ತು. ಎರಡೂ ಸೇರಿ ಸರಾಸರಿ ಆದಾಗ ತೆಂಗಿನ ತೂಕ ಎಲ್ಲೋ ಮೂಲೆಗೆ ಬಿತ್ತು. ದೇಶದ ಅಂಕಿ 0.25 ಇದ್ದ ಅದೇ 2025ರ ಅಕ್ಟೋಬರಿನಲ್ಲಿ ಕೇರಳದ ಹಣದುಬ್ಬರ ಶೇ. 8.56. ಅಲ್ಲಿ ಕೊಬ್ಬರಿ ಎಣ್ಣೆಯೂ ಜಾಸ್ತಿ ಬಳಸುತ್ತಾರೆ, ಚಿನ್ನವೂ ಜಾಸ್ತಿ ಕೊಳ್ಳುತ್ತಾರೆ. ಬಂಗುಡೆ ಸಾರಿಗೆ ಕಾಯಿ ಅರೆಯುವ ಮಾಟುಂಗ, ಮುಲುಂಡ್, ಡೊಂಬಿವ್ಲಿಯ ಮನೆಗಳ ಬುಟ್ಟಿ ದೆಹಲಿಯವರದಕ್ಕಿಂತ ಕೇರಳದವರ ಬುಟ್ಟಿಗೇ ಹತ್ತಿರ ಇರಬಹುದು. ಲೆಕ್ಕ ಮಾತ್ರ ಮಹಾರಾಷ್ಟ್ರದ ಖಾತೆಗೆ.

ಬೆಲೆ ಬರೆದುಕೊಳ್ಳುವವರು

ತೂಕ ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಬೆಲೆ ಮಾತ್ರ ಪ್ರತಿ ತಿಂಗಳೂ ಬೇಕು. 2012ರ ಸರಣಿಗೆ 310 ಪಟ್ಟಣಗಳ 1,114 ಮಾರುಕಟ್ಟೆಗಳಿಂದ ಮತ್ತು 1,181 ಹಳ್ಳಿಗಳಿಂದ ಬೆಲೆ ಬರುತ್ತಿತ್ತು. ಸರ್ಕಾರಿ ಸಿಬ್ಬಂದಿ ಗೊತ್ತುಮಾಡಿದ ಅಂಗಡಿಗೆ, ಗೊತ್ತುಮಾಡಿದ ವಾರದಲ್ಲಿ ಹೋಗಿ, ಗೊತ್ತುಮಾಡಿದ ಸಾಮಾನಿನ ರೇಟು ಬರೆದುಕೊಳ್ಳುತ್ತಾರೆ. 'ಅಕ್ಕಿ' ಅಂತ ಬರೆದರೆ ಸಾಲದು. ಯಾವ ಅಕ್ಕಿ, ಯಾವ ದರ್ಜೆ, ಬಿಡಿಯೋ ಪ್ಯಾಕೆಟ್ಟೋ, ಎಷ್ಟು ತೂಕ, ಎಲ್ಲವೂ ಹೋದ ತಿಂಗಳಿನದ್ದೇ ಆಗಿರಬೇಕು. ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಲ್ಲ, ಗಿರಾಕಿ ನಿಜವಾಗಿ ಕೊಡುವ ಬೆಲೆ.

ಇಷ್ಟು ಹಟ ಯಾಕೆ? 5 ರೂಪಾಯಿಯ ಬಿಸ್ಕತ್ತು ಪ್ಯಾಕೆಟ್ ನೋಡಿ. ಬೆಲೆ ವರ್ಷಗಟ್ಟಲೆ ಅದೇ 5. ಒಳಗೆ ಮೊದಲು 65 ಗ್ರಾಂ ಇದ್ದದ್ದು 55ಕ್ಕೆ ಇಳಿಯಿತು ಅನ್ನಿ. ಅಂಗಡಿಯವನ ಬಾಯಲ್ಲಿ ರೇಟು ಏರಿಲ್ಲ. ಗ್ರಾಮಿನ ಲೆಕ್ಕದಲ್ಲಿ ಶೇ. 18 ಏರಿದೆ. ಸಾಮಾನಿನ ವಿವರ ಬಿಗಿಯಾಗಿ ಹಿಡಿಯದಿದ್ದರೆ ಈ ಏರಿಕೆ ಕೈಜಾರಿ ಹೋಗುತ್ತದೆ. ಗುಣಮಟ್ಟದ ವಿಷಯ ಇನ್ನೂ ಕಷ್ಟ. ಹಳೆಯ ಫೋನು 8,000, ಹೊಸದು 10,000, ಆದರೆ ಹೊಸದರಲ್ಲಿ ಕ್ಯಾಮೆರಾ ಒಳ್ಳೆಯದು. ಏರಿದ 2,000ದಲ್ಲಿ ಬೆಲೆ ಏರಿಕೆ ಎಷ್ಟು, ಒಳ್ಳೆಯ ಕ್ಯಾಮೆರಾಕ್ಕೆ ಕೊಟ್ಟದ್ದೆಷ್ಟು? ಜಗತ್ತಿನ ಎಲ್ಲ ಅಂಕಿಅಂಶ ಕಚೇರಿಗಳೂ ತಲೆ ಕೆರೆದುಕೊಳ್ಳುವ ಪ್ರಶ್ನೆ ಇದು.

ಬರೆದುಕೊಂಡ ಬೆಲೆಗಳನ್ನು ಕೂಡಿಸುವುದರಲ್ಲೂ ಒಂದು ಜಾಣತನ ಇದೆ. ಟೊಮೆಟೊ ಉದಾಹರಣೆ ತೆಗೆದುಕೊಳ್ಳಿ. ಈ ತಿಂಗಳು ದಾದರ್‌ನ ಅಂಗಡಿಯಲ್ಲಿ ಬೆಲೆ ಎರಡು ಪಟ್ಟಾಯಿತು, ಠಾಣೆಯ ಅಂಗಡಿಯಲ್ಲಿ ಅರ್ಧಕ್ಕಿಳಿಯಿತು. ಸಾದಾ ಸರಾಸರಿ ತೆಗೆದರೆ 2 ಮತ್ತು 0.5 ಕೂಡಿಸಿ ಎರಡರಿಂದ ಭಾಗಿಸಬೇಕು, 1.25. ಅಂದರೆ ಶೇ. 25 ಏರಿಕೆ. ಮುಂದಿನ ತಿಂಗಳು ದಾದರ್‌ನಲ್ಲಿ ಅರ್ಧಕ್ಕಿಳಿದು, ಠಾಣೆಯಲ್ಲಿ ಎರಡು ಪಟ್ಟಾಗಿ, ಎರಡೂ ಕಡೆ ಮೊದಲಿನ ಬೆಲೆಗೇ ಬಂದು ನಿಂತವು. ಸಾದಾ ಸರಾಸರಿ ಮತ್ತೆ 1.25 ಅನ್ನುತ್ತದೆ. ಎರಡು ತಿಂಗಳು ಸೇರಿ ಶೇ. 56 ಏರಿಕೆ! ಬೆಲೆ ಮಾತ್ರ ಇದ್ದಲ್ಲೇ ಇದೆ. ಇದನ್ನು ತಪ್ಪಿಸಲು ಗುಣೋತ್ತರ ಸರಾಸರಿ ಬಳಸುತ್ತಾರೆ: ಕೂಡಿಸುವ ಬದಲು ಗುಣಿಸಿ ವರ್ಗಮೂಲ ತೆಗೆಯುವುದು. 2 ಗುಣಿಸು 0.5 ಅಂದರೆ 1. ಏರಿಕೆ ಸೊನ್ನೆ.

ಆದರೆ ಈ ಗುಣಾಕಾರಕ್ಕೂ ಒಂದು ಫಜೀತಿ ಕಾದಿತ್ತು. 2023ರ ಜನವರಿಯಿಂದ ಆಹಾರ ಭದ್ರತಾ ಕಾಯ್ದೆಯಡಿ ಪಡಿತರ ಧಾನ್ಯ ಪೂರ್ತಿ ಉಚಿತವಾಯಿತು. ಸೊನ್ನೆಯಿಂದ ಗುಣಿಸಿದರೆ ಎಲ್ಲವೂ ಸೊನ್ನೆ. ರೇಷನ್ ಅಕ್ಕಿಯನ್ನು ಲೆಕ್ಕದಲ್ಲಿ ಹೇಗೆ ಹಿಡಿಯಬೇಕು ಅಂತ ಪರಿಣತರು ಕೂತು ಚರ್ಚಿಸಬೇಕಾಯಿತು. ಜನರಿಗೆ ಅನುಕೂಲವಾದದ್ದು ಸೂತ್ರಕ್ಕೆ ಕಗ್ಗಂಟಾಯಿತು. ಲಾಕ್‌ಡೌನ್‌ನಲ್ಲಂತೂ, 2020ರ ಏಪ್ರಿಲ್ ಮತ್ತು ಮೇ ತಿಂಗಳು, ಅಂಗಡಿಗಳೇ ಮುಚ್ಚಿ ಬೆಲೆ ಸಿಗದೆ ಅಂದಾಜಿನ ಮೇಲೆಯೇ ಕೆಲಸ ಸಾಗಿತು.

ಬಾಡಿಗೆ ಬಂತು, ಫ್ಲಾಟು ಬರಲಿಲ್ಲ

ಮುಂಬಯಿಯವರ ದೊಡ್ಡ ತಕರಾರು ಮನೆಯದ್ದು. ಫ್ಲಾಟಿನ ರೇಟು ಈ ಪಾಟಿ ಏರಿದೆ, ಅದು ಹಣದುಬ್ಬರದಲ್ಲಿ ಕಾಣುವುದೇ ಇಲ್ಲವಲ್ಲ? ಕಾಣುವುದಿಲ್ಲ, ಬೇಕೆಂದೇ ಬಿಟ್ಟಿದ್ದಾರೆ. ಸೂಚ್ಯಂಕ ಅಳೆಯುವುದು ಬಳಕೆಯ ಖರ್ಚನ್ನು. ಫ್ಲಾಟು ಕೊಳ್ಳುವುದು ಹೂಡಿಕೆ. ಅದರಲ್ಲಿ ವಾಸ ಮಾಡುವುದು ಬಳಕೆ. ಹಾಗಾಗಿ ಲೆಕ್ಕಕ್ಕೆ ಬರುವುದು ಬಾಡಿಗೆ. ಸಾಲದ ಇಎಂಐ ಕೂಡ ಬರುವುದಿಲ್ಲ. ತರ್ಕ ಸರಿಯಾಗಿಯೇ ಇದೆ. ಆದರೆ ಸಂಬಳದ ಅರ್ಧ ಇಎಂಐಗೆ ಕಟ್ಟುವವರ ಹತ್ತಿರ ಈ ತರ್ಕ ಹೇಳಿ ನೋಡಿ.

2012ರ ಸರಣಿಯಲ್ಲಿ ಗೊತ್ತುಮಾಡಿದ ಬಾಡಿಗೆ ಮನೆಗಳಿಗೆ ಆರು ತಿಂಗಳಿಗೊಮ್ಮೆ ಹೋಗಿ ವಿಚಾರಿಸುತ್ತಿದ್ದರು. ಬಾಡಿಗೆ ತಿಂಗಳಿಗೊಮ್ಮೆ ಬದಲಾಗುವುದಿಲ್ಲವಾದ್ದರಿಂದ ಅದು ನಡೆಯುತ್ತದೆ. ಆದರೆ ಹೊಸ ಬಾಡಿಗೆ ಹುಡುಕುವವರಿಗೆ ಏಜೆಂಟ್ ಹೇಳುವ ರೇಟು ಬೇರೆ, ಅದೇ ಮನೆಯಲ್ಲಿ ವರ್ಷಗಳಿಂದ ಇರುವವರು ಕೊಡುವ ಬಾಡಿಗೆ ಬೇರೆ. ಮುಂಬಯಿಯಲ್ಲಿ ಈ ಅಂತರ ಇನ್ನೂ ವಿಚಿತ್ರ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಗಿರಗಾಂವ್, ಪರೇಲ್ ಕಡೆಯ ಪಗಡಿ ಮನೆಗಳಲ್ಲಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ ಮನೆಗಳು) ತಿಂಗಳ ಬಾಡಿಗೆ ಇವತ್ತಿಗೂ ಒಂದು ಹೊತ್ತಿನ ಹೋಟೆಲ್ ಊಟಕ್ಕಿಂತ ಕಡಿಮೆ ಇರುವುದುಂಟು. ಪಕ್ಕದ ಹೊಸ ಟವರಿನಲ್ಲಿ ಅದರ ಸಾವಿರ ಪಟ್ಟು.

ಸರ್ಕಾರಿ ಕ್ವಾರ್ಟರ್ಸಿನದ್ದು ಇನ್ನೊಂದು ಕಥೆ. ಅಲ್ಲಿರುವವರು ಬಾಡಿಗೆ ಕೊಡುವುದಿಲ್ಲ, ಮನೆ ಬಾಡಿಗೆ ಭತ್ಯೆ ಬಿಟ್ಟುಕೊಡುತ್ತಾರೆ. ಆ ಬಿಟ್ಟ ಭತ್ಯೆಯನ್ನೇ ಬಾಡಿಗೆ ಅಂತ ಲೆಕ್ಕ ಹಿಡಿದಿದ್ದರು. 2017ರ ಜುಲೈಯಲ್ಲಿ ಏಳನೇ ವೇತನ ಆಯೋಗದ ಪ್ರಕಾರ ಭತ್ಯೆ ಏರಿತು. ಪೇಟೆಯಲ್ಲಿ ಯಾರ ಬಾಡಿಗೆಯೂ ಅದರಿಂದ ಏರಲಿಲ್ಲ, ಆದರೆ ಸೂಚ್ಯಂಕದಲ್ಲಿ ಮನೆ ಖರ್ಚು ಜಿಗಿಯಿತು. ಆಮೇಲೆ ಕೆಲವು ತಿಂಗಳು ರಿಸರ್ವ್ ಬ್ಯಾಂಕು ಭತ್ಯೆಯ ಪರಿಣಾಮ ಬಿಟ್ಟು ಹಣದುಬ್ಬರ ಎಷ್ಟು ಅಂತ ಬೇರೆಯಾಗಿ ಹೇಳಬೇಕಾಯಿತು.

ಗಿರಣಿಗಳ ಊರಿನ ಹಳೆಯ ಲೆಕ್ಕ

ಈ ಲೆಕ್ಕದ ಹುಚ್ಚು ನಮ್ಮ ಮುಂಬಯಿಗೆ ಹೊಸದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬೆಲೆ ಏರಿ, ಗಿರಣಿ ಕಾರ್ಮಿಕರ ಕೂಲಿ ಸಾಲದೆ, ಮುಷ್ಕರಗಳ ಮೇಲೆ ಮುಷ್ಕರ ಆದವು. ಕೂಲಿ ಎಷ್ಟು ಏರಿಸಬೇಕು ಅನ್ನುವ ಜಗಳ ಬಗೆಹರಿಯಬೇಕಾದರೆ ಬೆಲೆ ಎಷ್ಟು ಏರಿದೆ ಅಂತ ಇಬ್ಬರೂ ಒಪ್ಪುವ ಅಂಕಿ ಬೇಕಲ್ಲ? 1921ರಲ್ಲಿ ಬಾಂಬೆ ಸರ್ಕಾರ ಕಾರ್ಮಿಕ ಕಚೇರಿ ತೆರೆಯಿತು. 1914ರ ಜುಲೈಯನ್ನು, ಅಂದರೆ ಯುದ್ಧ ಶುರುವಾಗುವ ಮುಂಚಿನ ತಿಂಗಳನ್ನು, ನೂರು ಅಂತ ಇಟ್ಟುಕೊಂಡು ಬಾಂಬೆ ಕಾರ್ಮಿಕರ ಜೀವನವೆಚ್ಚದ ಸೂಚ್ಯಂಕ ಹೊರಬರತೊಡಗಿತು. ಧಾನ್ಯ, ಬೇಳೆ, ಉರುವಲು ಮತ್ತು ದೀಪದ ಎಣ್ಣೆ, ಬಟ್ಟೆ, ಖೋಲಿ ಬಾಡಿಗೆ, ಇವೇ ಅದರ ಮುಖ್ಯ ಬಾಬತ್ತುಗಳು. ಎರಡನೇ ಯುದ್ಧ ಶುರುವಾಗುತ್ತಲೇ ಬೆಲೆ ಮತ್ತೆ ಏರಿತು. 1940ರ ಮಾರ್ಚಿನಲ್ಲಿ ಗಿರಣಿ ಕಾರ್ಮಿಕರು ತುಟ್ಟಿಭತ್ಯೆಗಾಗಿ, ಅಂದರೆ ಬೆಲೆ ಏರಿದ್ದಕ್ಕೆ ಕೊಡುವ ಡಿಎಗಾಗಿ, ಮುಷ್ಕರಕ್ಕೆ ಇಳಿದರು. ಇವತ್ತು ಬ್ಯಾಂಕಿನವರು, ಸರ್ಕಾರಿ ನೌಕರರು 'ಡಿಎ ಎಷ್ಟು ಬಂತು?' ಅಂತ ಕೇಳುವ ಮಾತಿನ ಹಿಂದೆ ಲಾಲ್‌ಬಾಗ್, ಪರೇಲ್‌ನ ಆ ಜಗಳಗಳ ಪಾಲೂ ಇದೆ.

ಡಿಎಗೆ ಬಳಸುವ ಸೂಚ್ಯಂಕ ಮಾತ್ರ ಟಿವಿಯಲ್ಲಿ ಬರುವ ಸಿಪಿಐ ಅಲ್ಲ. ಅದು ಕೈಗಾರಿಕಾ ಕಾರ್ಮಿಕರ ಸೂಚ್ಯಂಕ. ಲೇಬರ್ ಬ್ಯೂರೋ ದೇಶದ 88 ಕೇಂದ್ರಗಳಿಂದ ಬೆಲೆ ತಂದು ಮಾಡುವುದು. ಆಧಾರ ವರ್ಷ 2016. ಕೇಂದ್ರ ನೌಕರರ ಮತ್ತು ಪಿಂಚಣಿದಾರರ ಡಿಎ ವರ್ಷಕ್ಕೆರಡು ಸಲ, ಬ್ಯಾಂಕಿನವರದು ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ.

2025ರ ಜುಲೈ ಡಿಎ ಕೈಯಲ್ಲೇ ಲೆಕ್ಕ ಹಾಕಿ ನೋಡಬಹುದು. ಅದರ ಹಿಂದಿನ 12 ತಿಂಗಳ ಸೂಚ್ಯಂಕದ ಸರಾಸರಿ ಸುಮಾರು 143.6. ಇದನ್ನು 2001ರ ಹಳೆಯ ಸರಣಿಗೆ ತರಬೇಕಾದರೆ 2.88ರಿಂದ ಗುಣಿಸಬೇಕು, 413.6 ಬರುತ್ತದೆ. ಏಳನೇ ವೇತನ ಆಯೋಗ ಇಟ್ಟುಕೊಂಡ ಮೂಲ ಅಂಕಿ 261.42. ಅದನ್ನು ಕಳೆದು, ಅದರಿಂದಲೇ ಭಾಗಿಸಿ, ನೂರರಿಂದ ಗುಣಿಸಿದರೆ 58.2. ದಶಾಂಶ ಬಿಟ್ಟು ಕೊಟ್ಟದ್ದು ಶೇ. 58. ನಿವೃತ್ತರ ವಾಟ್ಸಾಪ್ ಗುಂಪುಗಳಲ್ಲಿ ಸರ್ಕಾರ ಘೋಷಿಸುವ ಮೊದಲೇ ಡಿಎ ಎಷ್ಟು ಅಂತ ಹೇಳಿಬಿಡುವವರು ಇರುತ್ತಾರಲ್ಲ, ಅವರ ಗುಟ್ಟು ಇಷ್ಟೇ.

ಕಡಿಮೆ ಏರಿಕೆ ಅಂದರೆ ಇಳಿಕೆಯಲ್ಲ

ಈಗ ಆ 0.25ಕ್ಕೆ ವಾಪಸ್ ಬರೋಣ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. 2023ರ ಅಕ್ಟೋಬರಿನ ಸೂಚ್ಯಂಕ 185.3. 2024ರ ಅಕ್ಟೋಬರಿನದು 196.8. 2025ರ ಅಕ್ಟೋಬರಿನದು 197.3.

185.3ರಿಂದ 196.8ಕ್ಕೆ ಹೋದದ್ದು ಶೇ. 6.21 ಏರಿಕೆ. 196.8ರಿಂದ 197.3ಕ್ಕೆ ಶೇ. 0.25. ಪತ್ರಿಕೆಗಳಲ್ಲಿ 'ಹಣದುಬ್ಬರ 6.21ರಿಂದ 0.25ಕ್ಕೆ ಕುಸಿತ' ಅಂತ ಬಂತು. ಓದಿದವರಿಗೆ ಬೆಲೆಗಳೇ ಕುಸಿದಂತೆ ಕೇಳಿಸುತ್ತದೆ. ಬೆಲೆ ಕುಸಿಯಲಿಲ್ಲ. ಏರಿದ ಜಾಗದಲ್ಲೇ ನಿಂತಿತು. ಮಹಡಿ ಹತ್ತಿದವರು ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡ ಹಾಗೆ, ಕೆಳಗಿಳಿದು ಬಂದಿಲ್ಲ. ಎರಡು ವರ್ಷ ಸೇರಿಸಿ ನೋಡಿದರೆ 185.3ರಿಂದ 197.3, ಸುಮಾರು ಶೇ. 6.5. ನಮ್ಮ ಜೇಬಿಗೆ ನೆನಪಿರುವುದು ಈ ಎರಡು ವರ್ಷದ ಲೆಕ್ಕ. ಸುದ್ದಿಗೆ ಬೇಕಾದದ್ದು ಒಂದೇ ವರ್ಷದ್ದು.

2024ರ ಅಕ್ಟೋಬರಿನಲ್ಲಿ ತರಕಾರಿ ಹಿಂದಿನ ವರ್ಷಕ್ಕಿಂತ ಶೇ. 42ರಷ್ಟು ತುಟ್ಟಿಯಾಗಿತ್ತು. ಆ ಎತ್ತರಕ್ಕೆ ಹೋಲಿಸಿದ್ದರಿಂದ 2025ರ ತರಕಾರಿ ಬೆಲೆ ತೀರಾ ಅಗ್ಗವಾಗಿ ಕಂಡಿತು, ಶೇ. 27ಕ್ಕೂ ಜಾಸ್ತಿ ಇಳಿಕೆ. ಲೆಕ್ಕ ಮಾಡಿ ನೋಡಿ: 100 ರೂಪಾಯಿ 142 ಆಗಿ, ಅದರಲ್ಲಿ ಶೇ. 27 ಹೋದರೆ 103ರ ಆಸುಪಾಸು. ಸುತ್ತಿ ಬಳಸಿ ಹೊರಟಲ್ಲಿಗೇ ಬಂತು. ಎರಡು ವರ್ಷವೂ ಸುದ್ದಿಯೇ. ಇದಕ್ಕೆ ಅರ್ಥಶಾಸ್ತ್ರದವರು ಬೇಸ್ ಎಫೆಕ್ಟ್ ಅನ್ನುತ್ತಾರೆ. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದದ್ದೂ ಸೇರಿಕೊಂಡಿತ್ತು.

ಇಷ್ಟಾಗಿಯೂ ಆಹಾರ ಮತ್ತು ಇಂಧನ ಬಿಟ್ಟು ಉಳಿದದ್ದರ ಏರಿಕೆ, ಕೋರ್ ಹಣದುಬ್ಬರ ಅನ್ನುತ್ತಾರಲ್ಲ, ಅದು ಆ ತಿಂಗಳು ಶೇ. 4.4ರ ಹತ್ತಿರ ಇತ್ತು. ಅದರಲ್ಲೂ ಚಿನ್ನದ್ದೇ ಆಟ. 2012ರ ಸರಣಿಯಲ್ಲಿ ಚಿನ್ನದ ತೂಕ ನೂರಕ್ಕೆ 1.08 ಮಾತ್ರ. ಆದರೆ ವರ್ಷದಲ್ಲಿ ಅದು ಶೇ. 50ಕ್ಕೂ ಜಾಸ್ತಿ ಏರಿದಾಗ ಆ ಸಣ್ಣ ತೂಕವೇ ಅರ್ಧ ಪರ್ಸೆಂಟಿಗಿಂತ ಹೆಚ್ಚು ತಳ್ಳುತ್ತದೆ. ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಆ ವರ್ಷದ ಹಣದುಬ್ಬರ ಏನಿತ್ತು ಅಂತ ಕೇಳುವುದೇ ಬೇಡ.

ಇನ್ನು ಬೆಸ್ಟ್ ಟಿಕೆಟ್. ಒಂದೇ ದಿನದಲ್ಲಿ ಶೇ. 100 ಏರಿಕೆ, ಕಣ್ಣಿಗೆ ಹೊಡೆಯುವಂಥದ್ದು. ಆದರೆ 2019ರ ಜುಲೈಯಲ್ಲಿ ಅದನ್ನು 5 ರೂಪಾಯಿಗೆ ಇಳಿಸಿದ ಮೇಲೆ ಆರು ವರ್ಷದ ಹತ್ತಿರ ಮುಟ್ಟಿರಲಿಲ್ಲ. ಆ ವರ್ಷಗಳಲ್ಲಿ ಟಿಕೆಟ್ಟಿನ ಹಣದುಬ್ಬರ ಸೊನ್ನೆ. ಅದನ್ನು ಯಾರೂ ಗಮನಿಸಲಿಲ್ಲ. ದಿನಾ ಕೊಳ್ಳುವುದರ ಏರಿಕೆ ನಮಗೆ ನೆನಪಿರುತ್ತದೆ. ಏರದೆ ಉಳಿದದ್ದು, ಅಥವಾ ಮೊಬೈಲ್ ಡೇಟಾದಂತೆ ಒಂದು ಕಾಲದಲ್ಲಿ ನೆಲಕ್ಕೆ ಬಿದ್ದದ್ದು, ಮರೆತುಹೋಗುತ್ತದೆ. ರಿಸರ್ವ್ ಬ್ಯಾಂಕು ನಗರಗಳ ಕುಟುಂಬಗಳನ್ನು ಕೇಳಿ ಒಂದು ಸಮೀಕ್ಷೆ ಮಾಡುತ್ತದೆ: ಈಗ ಹಣದುಬ್ಬರ ಎಷ್ಟಿದೆ ಅಂತ ನಿಮಗನ್ನಿಸುತ್ತದೆ? ಜನ ಹೇಳುವ ಅಂಕಿ ಸಾಮಾನ್ಯವಾಗಿ ಅಧಿಕೃತ ಅಂಕಿಗಿಂತ ಸಾಕಷ್ಟು ಮೇಲೆಯೇ ಇರುತ್ತದೆ.

ಫೋರ್ಟ್‌ನಲ್ಲಿ ಕೂತವರಿಗೆ ಇದು ಯಾಕೆ ಬೇಕು

ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿ ಇರುವುದು ನಮ್ಮ ಫೋರ್ಟ್‌ನಲ್ಲೇ. ಹಿಂದೆ ಅವರು ಮುಖ್ಯವಾಗಿ ಸಗಟು ಬೆಲೆ ಸೂಚ್ಯಂಕ ನೋಡುತ್ತಿದ್ದರು. ಅದರಲ್ಲಿ ಶಾಲೆ, ಆಸ್ಪತ್ರೆ, ಬಾಡಿಗೆ ಯಾವುದೂ ಇಲ್ಲ, ಬರೀ ಸರಕು. 2014ರಲ್ಲಿ ರಿಸರ್ವ್ ಬ್ಯಾಂಕೇ ನೇಮಿಸಿದ ಊರ್ಜಿತ್ ಪಟೇಲ್ ಸಮಿತಿ ಗ್ರಾಹಕ ಬೆಲೆಯನ್ನೇ ಹಿಡಿಯಿರಿ ಎಂದಿತು. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ಬಂತು. ಹಣದುಬ್ಬರದ ಗುರಿ ಶೇ. 4, ಅದರಿಂದ ಎರಡು ಮೇಲೆ ಅಥವಾ ಎರಡು ಕೆಳಗೆ ಹೋದರೆ ನಡೆಯುತ್ತದೆ. ಸತತ ಮೂರು ತ್ರೈಮಾಸಿಕ ಈ ಗೆರೆ ದಾಟಿದರೆ ಯಾಕೆ ಹೀಗಾಯಿತು ಅಂತ ಸರ್ಕಾರಕ್ಕೆ ಬರೆದುಕೊಡಬೇಕು. 2022ರಲ್ಲಿ ಹಾಗೆ ಬರೆದುಕೊಡಬೇಕಾಗಿ ಬಂತು. ಆ ವರ್ಷ ಏಪ್ರಿಲ್‌ನಲ್ಲಿ ಹಣದುಬ್ಬರ 7.79 ಮುಟ್ಟಿತ್ತು. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 4ರಿಂದ ಏರುತ್ತಾ 2023ರ ಫೆಬ್ರವರಿಗೆ 6.5 ಆಯಿತು. 2025ರಲ್ಲಿ ಬೆಲೆ ತಣ್ಣಗಾದಂತೆ ಇಳಿಸುತ್ತಾ ಬಂದು ಡಿಸೆಂಬರಿನಲ್ಲಿ 5.25ಕ್ಕೆ ತಂದರು. ಇಎಂಐ ಹಣದುಬ್ಬರದ ಲೆಕ್ಕದಲ್ಲಿಲ್ಲ ಅಂತ ಮೇಲೆ ಹೇಳಿದೆನಲ್ಲ. ಹಣದುಬ್ಬರದ ಲೆಕ್ಕ ಮಾತ್ರ ಇಎಂಐ ಒಳಗೆ ಖಂಡಿತ ಇದೆ. ಎಲ್ಲೋ ಯಾರೋ ಬರೆದುಕೊಂಡ ಟೊಮೆಟೊ ರೇಟು ಕಲ್ಯಾಣದ ಫ್ಲಾಟಿನ ಕಂತಿಗೆ ಬಂದು ಸೇರುವ ದಾರಿ ಇದು.

ಇದಕ್ಕೇ ನಾನು ಹೇಳಿದ್ದು, ಯಾರ ಮನೆಯದೂ ಅಲ್ಲದ ಅಂಕಿಗೂ ಉಪಯೋಗ ಇದೆ ಅಂತ. ಅದೇ ಬುಟ್ಟಿ, ಅದೇ ಅಂಗಡಿ, ಅದೇ ಸೂತ್ರ ವರ್ಷಗಟ್ಟಲೆ ಹಿಡಿದುಕೊಂಡಾಗ ಮಾತ್ರ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಲು ಬರುತ್ತದೆ. 2012ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಬುಟ್ಟಿಗೆ 2025ರ ಅಕ್ಟೋಬರಿನಲ್ಲಿ 197.30 ಬೇಕಿತ್ತು. ವರ್ಷಕ್ಕೆ ಸರಾಸರಿ ಶೇ. 5ಕ್ಕಿಂತ ತುಸು ಜಾಸ್ತಿ. ಆ ಅವಧಿಯಲ್ಲಿ ಸಂಬಳ ದುಪ್ಪಟ್ಟು ಆಗಿದ್ದರೆ ಹೆಚ್ಚುಕಮ್ಮಿ ಇದ್ದಲ್ಲೇ ಇದ್ದೀರಿ. ಶೇ. 6 ಬಡ್ಡಿಯ ಠೇವಣಿಯಲ್ಲಿ ಹಣ ಇಟ್ಟಿದ್ದರೆ, ತೆರಿಗೆ ಕಳೆದು ನೋಡಿದಾಗ, ಬೆಳೆದದ್ದು ಪಾಸ್‌ಬುಕ್ ಮಾತ್ರ.

ಹೊಸ ಬುಟ್ಟಿ

ಬುಟ್ಟಿ ಕಟ್ಟಿಹಾಕಿದರೆ ಹೋಲಿಕೆ ಸುಲಭ. ಆದರೆ ಜನ ಬದಲಾಗುತ್ತಾರೆ. ಕೊಬ್ಬರಿ ಎಣ್ಣೆ ದುಬಾರಿ ಆದರೆ ಹೆಂಗಸರು ಒಗ್ಗರಣೆಗೆ ಸೂರ್ಯಕಾಂತಿ ಎಣ್ಣೆ ಹಾಕುತ್ತಾರೆ. ಸೂತ್ರ ಮಾತ್ರ ಹಳೆಯ ಎಣ್ಣೆಯನ್ನೇ ಕೊಳ್ಳುತ್ತಿರುತ್ತದೆ. ಈ ಸೂತ್ರ ಲಾಸ್ಪೇರ್ ಎಂಬ ಜರ್ಮನ್ ಅರ್ಥಶಾಸ್ತ್ರಜ್ಞನ ಹೆಸರಿನದು, 19ನೇ ಶತಮಾನದ್ದು. ಏರಿಕೆಯನ್ನು ಸ್ವಲ್ಪ ಜಾಸ್ತಿ ತೋರಿಸುವುದು ಅದರ ಹುಟ್ಟುಗುಣ. ಸರ್ಕಾರ ಹಣದುಬ್ಬರವನ್ನು ಕಡಿಮೆ ತೋರಿಸುತ್ತದೆ ಅನ್ನುವವರಿಗೆ ಇದು ಹೇಳಬೇಕಾದ ವಿಷಯ.

ಬುಟ್ಟಿ ಹಳೆಯದಾದಷ್ಟೂ ದೋಷ ಹೆಚ್ಚು. 2011-12ರ ಸಮೀಕ್ಷೆಯಲ್ಲಿ ಹಳ್ಳಿ ಮನೆಗಳ ಖರ್ಚಿನಲ್ಲಿ ಆಹಾರದ ಪಾಲು ಶೇ. 52.9 ಇತ್ತು. 2023-24ರ ಸಮೀಕ್ಷೆಯಲ್ಲಿ ಅದು 47.04. ಪಟ್ಟಣಗಳಲ್ಲಿ 42.6 ಇದ್ದದ್ದು 39.68. (ಇವು ಸಮೀಕ್ಷೆ ಹೇಳುವ ಪಾಲುಗಳು, ಸೂಚ್ಯಂಕದ ತೂಕ ಇವಕ್ಕೆ ತಾಳೆಯಾಗುವುದಿಲ್ಲ.) ಹಳೆಯ ಪಟ್ಟಿಯಲ್ಲಿ ಟೇಪ್ ರೆಕಾರ್ಡರ್, ಡಿವಿಡಿ ಪ್ಲೇಯರ್ ಎಲ್ಲ ಇದ್ದವು. ಈ ಕಾಲದಲ್ಲಿ ಅವುಗಳ ರೇಟು ಬರೆದುಕೊಳ್ಳಲು ಅಂಗಡಿ ಹುಡುಕುವುದೇ ಒಂದು ಕೆಲಸ.

ಅಂತೂ 2026ರ ಫೆಬ್ರವರಿಯಲ್ಲಿ 2024ನ್ನು ಆಧಾರ ವರ್ಷ ಮಾಡಿಕೊಂಡ ಹೊಸ ಸರಣಿ ಬಂತು. ತೂಕಗಳು 2023-24ರ ಸಮೀಕ್ಷೆಯಿಂದ. ಆಹಾರದ ತೂಕ 46ರ ಹತ್ತಿರ ಇದ್ದದ್ದು 37ರ ಆಸುಪಾಸಿಗೆ ಇಳಿದಿದೆ. ಬಾಬತ್ತುಗಳು 299ರಿಂದ 358ಕ್ಕೆ ಏರಿವೆ. ಓಟಿಟಿ ಚಂದಾ ಒಳಗೆ ಬಂದಿದೆ. ಹಳ್ಳಿಯ ಬಾಡಿಗೆಗೂ ಜಾಗ ಸಿಕ್ಕಿದೆ. ಇನ್ನು ಮೇಲೆ ಈರುಳ್ಳಿ ಟೊಮೆಟೊ ಕುಣಿದಷ್ಟು ಹಣದುಬ್ಬರ ಕುಣಿಯುವುದಿಲ್ಲ. ಬಾಡಿಗೆ, ಫೀಸು, ಆಸ್ಪತ್ರೆ ಬಿಲ್ಲಿನ ಮಾತು ಸ್ವಲ್ಪ ಜೋರಾಗಿ ಕೇಳುತ್ತದೆ. ಮುಂಬಯಿ ಪುಣೆಯಂಥ ಊರಿನವರಿಗೆ ಇದು ಮೊದಲಿಗಿಂತ ಹತ್ತಿರದ ಲೆಕ್ಕ ಅಂತ ನನಗನ್ನಿಸುತ್ತದೆ.

ಒಂದು ವಿಷಯ ಮಾತ್ರ ಗಮನದಲ್ಲಿಡಬೇಕು. ಹೊಸ ಸರಣಿಯಲ್ಲಿ 2024ರ ಸರಾಸರಿಯೇ 100. ಹಾಗಾಗಿ ಸೂಚ್ಯಂಕ ಈಗ ನೂರರ ಮೇಲೆ ಅಲ್ಪಸ್ವಲ್ಪ ಅಂತರದಲ್ಲಿ ನಿಂತಿದೆ. 197 ಇದ್ದದ್ದು ನೂರಕ್ಕೆ ಬಂತು, ಬೆಲೆ ಅರ್ಧಕ್ಕಿಳಿಯಿತು ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ. ಎರಡು ಸರಣಿಗಳನ್ನು ನೇರವಾಗಿ ಹೋಲಿಸುವ ಹಾಗಿಲ್ಲ. ಡಿಎ ಲೆಕ್ಕದಲ್ಲಿ 2.88ರಿಂದ ಗುಣಿಸಿದ ಹಾಗೆ ಇಲ್ಲೂ ಕೊಂಡಿ ಅಂಕಿಯಿಂದ ಗುಣಿಸಿಯೇ ಹಳೆಯದಕ್ಕೂ ಹೊಸದಕ್ಕೂ ಗಂಟು ಹಾಕಬೇಕು.